ಕ್ಯಾಮೆರಾ ಯಾವ ಕಡೆಗೆ?



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ನನ್ನದೇ ಒಂದು ತಪ್ಪನ್ನು ಮುಂದಿಡುತ್ತಿದ್ದೇನೆ.

12 ವರ್ಷದ ಹಿಂದೆ ನಾನಿದ್ದ ಶಾಲೆ ಕಾಡಂಚಿನ ಊರಿನಲ್ಲಿತ್ತು. ಸುಗ್ಗಿಯ ಕಾಲ. ಊರಿನ ದೊಡ್ಡ ಮನೆಯೊಂದರ ಹಿತ್ತಿಲಿನಿಂದ ರಾತ್ರಿ ಹೊತ್ತು ಕೋಳಿಗಳು ಕಾಣೆಯಾಗತೊಡಗಿದವು. ಮೂರನೆಯ ಕೋಳಿ ಹೋಗುವಷ್ಟರಲ್ಲಿ ಕಳ್ಳ ಯಾರೆಂದು ತೀರ್ಮಾನವಾಗಿಬಿಟ್ಟಿತ್ತು: ನಮ್ಮವರ ಕೇರಿಯ ಹುಡುಗ, ಒಂಬತ್ತನೆಯ ತರಗತಿ, ನನ್ನ ವಿದ್ಯಾರ್ಥಿ. ಕಂಡವರು ಯಾರೂ ಇಲ್ಲ. ಆದರೂ ಮಾತು ಕಿವಿಯಿಂದ ಕಿವಿಗೆ ಹೋಯಿತು, ನನ್ನ ಕಿವಿಗೂ ಬಂತು. ನಾನು ಅವನನ್ನು ಕರೆದು, "ನಿಜ ಹೇಳಪ್ಪ, ನೀನೇನಾದ್ರೂ..." ಅಂದೆ. ಅವನು ಮಾತಾಡಲಿಲ್ಲ. ಮರುದಿನದಿಂದ ಶಾಲೆಗೆ ಬರಲಿಲ್ಲ.

ಪರಿಚಯದ ಯುವಕನೊಬ್ಬ ಕಾಡುಪ್ರಾಣಿಗಳ ಅಧ್ಯಯನ ಮಾಡುತ್ತಿದ್ದ. ಅವನ ಬಳಿ ಕ್ಯಾಮೆರಾ ಟ್ರ್ಯಾಪ್ ಇತ್ತು. ಬಿಸಿ ಮೈಯ ಜೀವ ಎದುರು ಹಾದರೆ ಆ ಶಾಖ ಗ್ರಹಿಸಿ ತಾನೇ ಚಿತ್ರ ತೆಗೆಯುವ ಸಣ್ಣ ಪೆಟ್ಟಿಗೆ. ಕತ್ತಲಲ್ಲಿ ಅದು ಬಳಸುವ ಇನ್ಫ್ರಾರೆಡ್ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಮನೆಯ ಯಜಮಾನರು ಕೂಡಲೇ ಹೇಳಿದರು: "ಕೇರಿ ದಾರಿ ಕಡೆ ಮುಖ ಮಾಡಿ ಕಟ್ಟಪ್ಪ."

ಅವನು ಕಟ್ಟಲಿಲ್ಲ. ಬೇಲಿ ಸುತ್ತ ನೆಲ ನೋಡುತ್ತ ನಡೆದ. ಒಂದು ಕಡೆ ಲಂಟಾನದ ಬುಡದಲ್ಲಿ ನುಸುಳುದಾರಿ, ಹಿಕ್ಕೆ, ಸಣ್ಣ ಹೆಜ್ಜೆಗಳು. ಅಲ್ಲಿ ಹೊಂಗೆ ಮರಕ್ಕೆ, ಮೊಣಕಾಲೆತ್ತರದಲ್ಲಿ ಬಿಗಿದ. ಎದುರಿನ ಹುಲ್ಲು ಕಿತ್ತುಹಾಕಿದ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೂ ಅದು ಕ್ಲಿಕ್ ಎನ್ನುತ್ತದಂತೆ, ಕಾರ್ಡ್ ತುಂಬ ಖಾಲಿ ಚಿತ್ರ. ಎರಡು ರಾತ್ರಿ ಬರೀ ಊರ ನಾಯಿ. ಮೂರನೆಯ ರಾತ್ರಿ, ಎರಡು ಗಂಟೆ ದಾಟಿದ ಮೇಲೆ, ಬಾಯಲ್ಲಿ ಕೋಳಿ ಕಚ್ಚಿಕೊಂಡ ಪುನುಗು ಬೆಕ್ಕು.

ಕೇರಿ ದಾರಿಗೆ ಕಟ್ಟಿದ್ದರೆ? ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವರು, ಬಯಲಿಗೆ ಹೋಗುವವರು, ಬಹುಶಃ ಆ ಹುಡುಗನೂ. ಪ್ರತಿ ಚಿತ್ರವೂ ನಿಜವೇ. ಅದನ್ನೇ ಸಾಕ್ಷಿ ಎಂದು ಪಂಚಾಯ್ತಿ ಕಟ್ಟೆಯಲ್ಲಿ ತೋರಿಸುತ್ತಿದ್ದರು.

ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಇಂಥ ಕ್ಯಾಮೆರಾಗಳಿಂದ ಹುಲಿಗಳ ಪಟ್ಟೆ ನೋಡಿ ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಹುಲಿಗೆ ಸಿಗುವ ಈ ಮರ್ಯಾದೆ ನಮ್ಮ ಮಕ್ಕಳಿಗಿಲ್ಲ, ಅವರೆಲ್ಲ "ಕೇರಿಯವರು".

ಕೇಸಪುತ್ತದ ಕಾಲಾಮರಿಗೆ ಭಗವಾನ್ ಬುದ್ಧರು ಹೇಳಿದ್ದನ್ನು ನಾವು ಸಾಮಾನ್ಯವಾಗಿ ಪರರ ಮೂಢನಂಬಿಕೆಯ ಕಡೆಗೆ ತಿರುಗಿಸುತ್ತೇವೆ. ಕೇಳಿದ್ದೆಂದು ಒಪ್ಪಬೇಡಿ, ಪರಂಪರೆಯೆಂದು ಒಪ್ಪಬೇಡಿ, ಗುರು ಹೇಳಿದನೆಂದು ಒಪ್ಪಬೇಡಿ. ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ನಿಮ್ಮಲ್ಲಿ ಈಗಾಗಲೇ ಇರುವ ಅಭಿಪ್ರಾಯಕ್ಕೆ ಹೊಂದುತ್ತದೆಂದೂ ಒಪ್ಪಬೇಡಿ. ಅದನ್ನು ತರಗತಿಯಲ್ಲಿ ಎಷ್ಟೋ ಸಲ ಓದಿಸಿದ್ದೇನೆ. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಕದಿಯೆನು ಎಂಬುದೂ ಇದೆ, ಸುಳ್ಳಾಡೆನು ಎಂಬುದೂ ಇದೆ. ಹುಡುಗ ಮೊದಲನೆಯದನ್ನು ಮುರಿದಿರಲಿಲ್ಲ. ಊರಿನ ಸುಳ್ಳನ್ನು ಪ್ರಶ್ನೆಯ ರೂಪದಲ್ಲಿ ಅವನ ಮುಖಕ್ಕೆ ಹೇಳಿದವನು ನಾನು.

ಯಜಮಾನರು ಬೇಲಿ ಸರಿಮಾಡಿಸಿಕೊಂಡರು, ಹುಡುಗನ ಹೆಸರೆತ್ತಲಿಲ್ಲ. ನಾನು ಅವನ ಮನೆಗೆ ಹೋಗಿ, ಅವ್ವನ ಎದುರಿಗೇ ತಪ್ಪಾಯ್ತು ಅಂದೆ. ಆಯಮ್ಮ ಟೀ ಕೊಟ್ಟರು. ಹುಡುಗ ಸೋಮವಾರ ಶಾಲೆಗೆ ಬಂದ. ಯಾವತ್ತೂ ಮೊದಲ ಬೆಂಚಿನವನು, ಅಂದು ಕೊನೆಯ ಬೆಂಚಿಗೆ ಹೋಗಿ ಕೂತ. ಆ ವರ್ಷ ಮುಗಿಯುವವರೆಗೂ ಅಲ್ಲೇ ಕೂತ.

ಜೈ ಭೀಮ್.