ಕಿವಿಯ ಸಾಕ್ಷ್ಯ

ಸುಳ್ಳಾಡಬೇಕೆಂಬ ಎಣಿಕೆ ಇಲ್ಲದವನೂ ಸುಳ್ಳು ಸಾಕ್ಷ್ಯ ನುಡಿಯಬಲ್ಲನೆಂದು ನನಗೆ ಕಲಿಸಿದ್ದು ಸಂಗೀತ ಕೇಳುವ ಒಂದು ಯಂತ್ರ. ‘ಹೈ ರೆಸಲ್ಯೂಷನ್’ ಮುದ್ರಿಕೆಗಳನ್ನು ನುಡಿಸುವಂಥದು, ಬೆಲೆ ಹೆಚ್ಚೇ. “ತಂಬೂರಿಯ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳುತ್ತದೆ” ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದೆ. ನನಗೆ ಹಾಗೆಯೇ ಕೇಳುತ್ತಿತ್ತು. ನನ್ನ ಮಾತು ನಂಬಿ, ನಿವೃತ್ತರಾದ ಸ್ನೇಹಿತರೊಬ್ಬರು ಪಿಂಚಣಿಯ ಹಣದಲ್ಲಿ ಅದನ್ನೇ ಕೊಂಡರು.

ಸೋದರಳಿಯನಿಗೆ ಮಾತ್ರ ಸಂಶಯ. ಒಂದೇ ಮುದ್ರಿಕೆಯನ್ನು ಹೊಸ ಬಗೆಯಲ್ಲೂ ಸಿ.ಡಿ.ಯ ಮಟ್ಟದಲ್ಲೂ ಅಣಿಮಾಡಿ, ಎರಡರ ಸದ್ದನ್ನೂ ಸಮಮಾಡಿ, ಯಾವುದೆಂದು ಕಾಣದಂತೆ ಮರೆಯಿಟ್ಟು, “ಈಗ ಹೇಳಿ ಮಾವ” ಎಂದ. ಹತ್ತು ಸಲ ಕೇಳಿಸಿದ. ಐದು ಸರಿ, ಐದು ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ನಾದವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಲ್ಲಿ ಬರೆದಿಡುತ್ತದೆ. ಹೊಸದು 96,000 ಸಲ, ಕೆಲವೊಮ್ಮೆ 1,92,000 ಸಲ ಅಳೆಯುತ್ತದೆ. ಅಳತೆ ಹೆಚ್ಚಿದಷ್ಟೂ ನಾದ ನಯವಾಗುವುದೆಂದು ನನ್ನಂಥವರ ಊಹೆ. ಗಣಿತ ಹಾಗೆನ್ನುವುದಿಲ್ಲ. ಕಂಪನಗಳ ಸಂಖ್ಯೆಯ ಎರಡರಷ್ಟಕ್ಕಿಂತ ತುಸು ಹೆಚ್ಚು ಸಲ ಅಳೆದರೆ ಸಾಕು. ಎಳೆಯ ಕಿವಿಗೂ ಸುಮಾರು 20,000 ಕಂಪನಗಳಾಚೆಗಿನ ನಾದ ಕೇಳದು. ವಯಸ್ಸಾದಂತೆ ಆ ಎಲ್ಲೆಯೂ ಇಳಿಯುತ್ತದೆ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೋರನ್ ಪ್ರಕಟಿಸಿದ ಪರೀಕ್ಷೆಯಲ್ಲಿ 554 ಉತ್ತರಗಳ ಪೈಕಿ ಸರಿಯಾದವು 276. 2016ರಲ್ಲಿ ಜೋಶುವಾ ರೀಸ್ 18 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ನೂರಕ್ಕೆ 52.3 ಸರಿ, ಪಳಗಿದ ಕಿವಿಗಳಿಗೆ ಇನ್ನಷ್ಟು. ವ್ಯತ್ಯಾಸ ಇಲ್ಲವೇ ಇಲ್ಲವೆನ್ನಲಾಗದು. ಆದರೆ ನಾನು ಸಾರಿದ ವ್ಯತ್ಯಾಸ ಅದಲ್ಲ.

ಹಾಗಾದರೆ ನಾನು ಪಟ್ಟ ಸುಖ ಸುಳ್ಳೇ? ಸುಖ ಸುಳ್ಳಲ್ಲ, ಅದಕ್ಕೆ ನಾನು ಕೊಟ್ಟ ಕಾರಣ ಸುಳ್ಳು. ಬೆಲೆಯ ಚೀಟಿಯನ್ನು ಕಣ್ಣು ಓದಿತ್ತು, ಕಿವಿ ಸಹಿ ಹಾಕಿತ್ತು. ನನ್ನ ಭ್ರಮೆ ನನ್ನ ಮನೆಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಸ್ನೇಹಿತರಿಗೆ ನಿಜ ಹೇಳಬೇಕೆ? ಹೇಳಿದರೆ ಅವರ ಸುಖಕ್ಕೆ ಕುಂದು. ಹೇಳದಿದ್ದರೆ ನನ್ನ ಮಾತಿಗೆ ಕುಂದು.

ಹೇಳಲೆಂದೇ ಒಂದು ಸಂಜೆ ಹೋದೆ. ಅವರು ಗೌಹರ್ ಜಾನರ ಹಾಡು ಕೇಳುತ್ತ ಕುಳಿತಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲು ಧ್ವನಿಮುದ್ರಣಕ್ಕೆ ಹಾಡಿ, 1930ರಲ್ಲಿ ನಮ್ಮ ಮೈಸೂರಿನಲ್ಲಿ ತೀರಿಕೊಂಡಾಕೆ. ಆಗ ಮೈಕು ಇರಲಿಲ್ಲ. ತಗಡಿನ ಕೊಳವೆಗೆ ಮುಖವೊಡ್ಡಿ ಹಾಡಬೇಕಿತ್ತು. ಆ ತಟ್ಟೆ ಹಿಡಿದಿಟ್ಟ ಅಷ್ಟಿಷ್ಟು ನಾದಕ್ಕೆ 1,92,000 ಅಳತೆಗಳೇಕೆ? ಹಾಡಿನ ತುಂಬ ಕರಕರ ಸದ್ದು. ಸ್ನೇಹಿತರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎರಡು ನಿಮಿಷದಲ್ಲಿ ನನಗೂ ಕರಕರ ಕೇಳದಾಯಿತು. ಈ ಆರು ತಿಂಗಳು ನಾನು ಯಂತ್ರವನ್ನು ಕೇಳಿದ್ದೆ. ಹಾಡು ಕೇಳಿದ್ದು ಅಂದೇ.

ಹಾಡು ಮುಗಿದ ಮೇಲೆ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ದುಡ್ಡು ಕೊಟ್ಟದ್ದಕ್ಕಾದರೂ ದಿನಾ ಒಂದು ಗಂಟೆ ಕೂತು ಕೇಳ್ತಿದೀನಲ್ಲ” ಎಂದರು. ಮತ್ತೆ, “ಆದರೂ ಮೊದಲೇ ಹೇಳಬಹುದಿತ್ತು” ಎಂದರು.

ಎರಡೂ ನಿಜ.