ಗಣಾಚಾರವೂ ಬಂದೂಕವೂ

ಪಂಚಾಚಾರಗಳಲ್ಲಿ ಗಣಾಚಾರವೊಂದನ್ನೇ ಎತ್ತಿ ಹಿಡಿದು, ಧರ್ಮಕ್ಕಾಗಿ ಆಯುಧವೆತ್ತಬಹುದೆಂದು ವಾದಿಸುವವರುಂಟು. ಶಿವನಿಂದೆಯನ್ನು ಸೈರಿಸಲಾಗದೆಂಬುದು ಗಣಾಚಾರವೇ ಸರಿ. ಆದರೆ ಅದರ ಮಗ್ಗುಲಲ್ಲಿಯೇ ಭೃತ್ಯಾಚಾರವಿದೆ. ಶರಣರೆದುರು ತಾನು ಕಿರಿಯನೆಂದು ಬಾಗುವ ಆಚಾರವದು. ಬಾಗಲರಿಯದವನ ಗಣಾಚಾರವು ಕೇವಲ ಸಿಟ್ಟು. ಸಿಟ್ಟಿಗೆ ಆಯುಧ ದೊರಕಿದರೆ ಏನಾಗುವುದೆಂಬುದನ್ನು ಸದ್ಭಕ್ತರು ಕಣ್ಣಾರೆ ಕಂಡಿದ್ದಾರೆ.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. ವಚನಗಳ ಸಮಗ್ರ ಸಂಪುಟಗಳ ಸಂಪಾದನೆಗೆ ದುಡಿದವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು ಅವರು. ‘ಮಾರ್ಗ’ದ ಕೆಲವು ಬರಹಗಳಿಗಾಗಿ 1989ರಲ್ಲಿ ಸಮಾಜದೊಳಗೇ ಅವರ ಮೇಲೆ ಕೋಪವೆದ್ದಿತ್ತು, ಒತ್ತಡಕ್ಕೆ ಸಿಕ್ಕಿ ಅವರು ಆ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೊಂದವರಾರೆಂದು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಅನುಭವಮಂಟಪದ ವಾರಸುದಾರರೆನಿಸಿಕೊಂಡವರು ಪ್ರಶ್ನೆಗೆ ಉತ್ತರ ಕೊಡುವುದನ್ನು ಬಿಟ್ಟು ಬಾಯಿ ಮುಚ್ಚಿಸಲು ಹೊರಟ 1989ನ್ನೂ ಮರೆಯುವಂತಿಲ್ಲ.

ಕೊಲೆಗೆ ಬಳಸಿದುದು ನಾಡಪಿಸ್ತೂಲು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದುದೂ ಅದೇ ಪಿಸ್ತೂಲೆಂದು ತನಿಖೆ ನಡೆಸಿದವರು ಹೇಳಿದ್ದಾರೆ. ಇಂಥದಕ್ಕೆ ಪರವಾನಗಿ ಎಲ್ಲಿಯದು? ಇದನ್ನೇ ಹಿಡಿದು ಕೆಲವರು ಕೇಳುತ್ತಾರೆ: ಕೊಲೆಗಡುಕನಿಗೆ ಕಾನೂನು ತಟ್ಟದಿದ್ದ ಮೇಲೆ ಸಂಭಾವಿತ ಗೃಹಸ್ಥನನ್ನೇಕೆ ಕಚೇರಿಗೆ ಅಲೆಸಬೇಕು?

ಈ ವಾದಕ್ಕೆ ಹಿಂದಿನ ಬೆಂಬಲವೂ ಉಂಟು. 1857ರಲ್ಲಿ ಆಂಗ್ಲರು ಆಯುಧಗಳನ್ನು ಕಸಿಯಹೊರಟಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರ ಊರನ್ನೇ ಸುಟ್ಟರು, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳ ಪಾಳೆಯಗಾರರ ಕಥೆ ಕೇಳಿ ಬೆಳೆದವರಿಗೆ ಆ ನೋವು ಹೊಸದಲ್ಲ. ಆದರೆ ಅಂದಿನದು ಪರರ ಅಪ್ಪಣೆ. 1959ರ ಆಯುಧ ಕಾಯಿದೆ ಜನರೇ ಆರಿಸಿದ ಸಂಸತ್ತು ಮಾಡಿದುದು. ಅದು ಬಂದೂಕವನ್ನು ಕಸಿಯುವುದಿಲ್ಲ, ಹಿಡಿಯುವವನಾರೆಂದು ವಿಚಾರಿಸುತ್ತದೆ. ಬೆಳೆ ಕಾಯುವ ರೈತನಿಗೆ ಮದ್ದು ಜಡಿಯುವ ನಳಿಗೆ ಬಂದೂಕಿನ ಪರವಾನಗಿಗೆ ಅದರಲ್ಲಿಯೇ ಎಡೆಯಿದೆ. 2019ರ ತಿದ್ದುಪಡಿಯ ಪ್ರಕಾರ ಒಬ್ಬನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕಗಳಿರಲಾಗದು. ಮದುವೆಯ ಸಡಗರದಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಪರರಿಗೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಒಕ್ಕಲಿಗನಿಗೆ ಕಷ್ಟವಿಲ್ಲವೆಂದಲ್ಲ. ಶೇಂಗಾ ಹೊಲಕ್ಕೆ ಹಂದಿ ನುಗ್ಗುತ್ತದೆ, ಗುಡೇಕೋಟೆಯ ಕಡೆ ಕರಡಿಯೂ ಇಳಿಯುತ್ತದೆ. ಆದರೆ ವನ್ಯಜೀವಿ ಕಾಯಿದೆಯಿರುವುದರಿಂದ ಬೆಳೆ ತಿಂದಿತೆಂದು ಕರಡಿಗೆ ಗುಂಡಿಕ್ಕುವಂತಿಲ್ಲ. ಹೊಲ ಕಾದ ಬಂದೂಕವು ಬೆಳಗಾದ ಮೇಲೆ ಮನೆಯ ಗೋಡೆಗೆ ಬರುತ್ತದೆ. ಆ ಮನೆಯಲ್ಲಿಯೇ ಬದುವಿನ ಜಗಳವೂ, ಕುಡಿತವೂ, ಸಾಲದ ಬೇಗೆಯೂ ಇರುತ್ತವೆ. ಕರಡಿಗಿಂತ ಅವು ಹತ್ತಿರದವು. ಲಿಂಗವನ್ನು ಕರಸ್ಥಲದಲ್ಲಿಟ್ಟು ಪೂಜಿಸುವ ಅದೇ ಕೈ ಸಂಜೆ ನಳಿಗೆಗೆ ಮದ್ದು ತುಂಬುವಾಗ ಮನಸ್ಸು ಎಲ್ಲಿದೆಯೆಂದು ಯಾವ ಅಧಿಕಾರಿಯೂ ಪರೀಕ್ಷಿಸಲಾರನು. ಚುನಾವಣೆಯ ಕಾಲಕ್ಕೆ ಬಂದೂಕವನ್ನು ಠಾಣೆಗೆ ಒಪ್ಪಿಸಿ ಬರುವುದನ್ನು ಅವಮಾನವೆಂದು ಗೊಣಗುವವರು, ಆ ಕೆಲವು ವಾರ ಮನೆಯ ಹೆಣ್ಣುಮಕ್ಕಳು ಹೇಗೆ ನಿದ್ರಿಸಿದರೆಂದು ಒಮ್ಮೆ ಕೇಳಿ ನೋಡಲಿ.

ಇನ್ನು ತಂದೆ ಲಿಂಗೈಕ್ಯನಾದ ಬಳಿಕ ಅವನ ಬಂದೂಕವನ್ನು ನೆನಪಿಗೆಂದು ಅಟ್ಟದ ಮೇಲಿಟ್ಟುಕೊಂಡ ಮಕ್ಕಳಿದ್ದಾರೆ. ಆ ಪರವಾನಗಿ ತಂದೆಯದು, ಮಗನದಲ್ಲ. ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿ ಇಡಬೇಕೆಂದು ಕಾಯಿದೆಯ 21ನೆಯ ಕಲಮು ಹೇಳುತ್ತದೆ. ಬೇಕೆನ್ನುವ ಮಗನು ತನ್ನ ಹೆಸರಿನಲ್ಲಿ ಅರ್ಜಿ ಕೊಡಬಹುದು. ಬೇಡವೆನ್ನುವವನು ಠಾಣೆಯಲ್ಲಿಟ್ಟುದಕ್ಕೆ ರಸೀದಿ ಪಡೆದು ಮನೆಗೆ ಬರಬಹುದು.