ಜನರು ಇಟ್ಟ ನ್ಯಾಸ

ವ್ಯಾಪಾರಸ್ಥರಿಗೆ ಸುಲಭವಾಗಿ ಅರ್ಥವಾಗುವ ಒಂದು ಮಾತಿನಿಂದ ಆರಂಭಿಸುತ್ತೇನೆ. ಅಂಗಡಿಯ ಪೆಟ್ಟಿಗೆಯಲ್ಲಿರುವ ಹಣವೆಲ್ಲವೂ ಅಂಗಡಿಯವನದಲ್ಲ. ಅದರಲ್ಲಿ ಸಾಲ ತಂದ ಹಣವಿರುತ್ತದೆ, ಸರಕಾರಕ್ಕೆ ಸಲ್ಲಬೇಕಾದ ತೆರಿಗೆಯಿರುತ್ತದೆ, ನಂಬಿ ಇಟ್ಟುಹೋದವರ ಹಣವೂ ಇರುತ್ತದೆ. ಪೆಟ್ಟಿಗೆ ಒಂದಾದರೂ ಒಡೆಯರು ಹಲವರು. ಈ ವಿವೇಕವನ್ನು ಕಳೆದುಕೊಂಡವನು ಮೊದಲು ಲೆಕ್ಕ ತಪ್ಪುತ್ತಾನೆ, ಅನಂತರ ಧರ್ಮ ತಪ್ಪುತ್ತಾನೆ. ಶಾಸಕನ ಕೈಯಲ್ಲಿರುವ ಅಧಿಕಾರವೂ ಹೀಗೆಯೇ. ಅದು ಅವನು ಗಳಿಸಿದ ಸೊತ್ತಲ್ಲ. ಐದು ವರ್ಷಗಳ ಅವಧಿಗೆ ಜನರು ಅವನಲ್ಲಿ ಇಟ್ಟ ನ್ಯಾಸ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳಿಗೆ ಒದಗುವ ಅತಿಚಾರಗಳನ್ನು ಹೇಳಿದೆ. ನ್ಯಾಸಾಪಹಾರ ಅವುಗಳಲ್ಲೊಂದು. ಪರರ ಹಣವನ್ನು ಉಳಿಸಿಕೊಳ್ಳುವುದು ಕಳವಲ್ಲವೆ? ಹಾಗಿದ್ದರೂ ಅದನ್ನು ಅಚೌರ್ಯಾಣುವ್ರತದ ಕೆಳಗೆ ಸೇರಿಸದೆ ಸತ್ಯಾಣುವ್ರತದ ಕೆಳಗೆ ಸೇರಿಸಿದ್ದಾರೆ. ಪೂಜ್ಯಪಾದರ ಟೀಕೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ಹಣವಿಟ್ಟವನು ಕಾಲಾಂತರದಲ್ಲಿ ಮೊತ್ತವನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನಿಗೆ ನಿಜವಾದ ಲೆಕ್ಕ ಗೊತ್ತಿದೆ. ಆದರೂ ಅವನು ಹೌದೆಂದು ಒಪ್ಪಿ, ಕೇಳಿದಷ್ಟನ್ನೇ ಕೊಟ್ಟು ಕಳುಹಿಸುತ್ತಾನೆ. ಅವನು ಕನ್ನ ಹಾಕಲಿಲ್ಲ, ಬೀಗ ಮುರಿಯಲಿಲ್ಲ. ಇಟ್ಟವನ ಮರೆವನ್ನು ಲಾಭ ಮಾಡಿಕೊಂಡ, ಅಷ್ಟೆ.

ಈ ಸೂಕ್ಷ್ಮವನ್ನು ನಮ್ಮ ಸಾರ್ವಜನಿಕ ಜೀವನಕ್ಕೆ ಅನ್ವಯಿಸಿ ನೋಡೋಣ. ವಿಧಾನಸಭೆಯ 224 ಸದಸ್ಯರಲ್ಲಿ ಒಬ್ಬನನ್ನು ನಾವು ಕಳುಹಿಸುವಾಗ ಅವನಲ್ಲಿ ಏನೇನು ಇಡುತ್ತೇವೆ? ಕಾನೂನು ಮಾಡುವ ಮತ, ಆಯವ್ಯಯವನ್ನು ಪರಿಶೀಲಿಸುವ ಹೊಣೆ, ಮಂತ್ರಿಗಳನ್ನು ಪ್ರಶ್ನಿಸುವ ಹಕ್ಕು, ದನಿಯಿಲ್ಲದವರ ಪರವಾಗಿ ನಿಲ್ಲುವ ಕರ್ತವ್ಯ ಇವೆಲ್ಲವನ್ನೂ ಇಡುತ್ತೇವೆ. ಮರಳಿ ಕೇಳುವಾಗ ಮಾತ್ರ ಇವನ್ನು ಮರೆಯುತ್ತೇವೆ. ಒಂದು ಕಾಂಕ್ರೀಟು ರಸ್ತೆ, ಒಂದು ವರ್ಗಾವಣೆ, ಮದುವೆಯ ಮಂಟಪದಲ್ಲಿ ಹತ್ತು ನಿಮಿಷದ ಉಪಸ್ಥಿತಿ ಸಿಕ್ಕಿದರೆ ಸಾಕೆನ್ನುತ್ತೇವೆ. ಶಾಸಕನು ಅಷ್ಟನ್ನು ಕೊಟ್ಟು ಲೆಕ್ಕ ಚುಕ್ತಾ ಎನ್ನುತ್ತಾನೆ. ಅವನು ಸುಳ್ಳು ಹೇಳಿದನೆಂದು ಯಾರೂ ಆರೋಪಿಸುವುದಿಲ್ಲ. ಆದರೂ ಸತ್ಯವ್ರತಕ್ಕೆ ಲೋಪ ಬಂದಿದೆ.

ಕಾನೂನು ಇದನ್ನು ಹಿಡಿಯಲಾರದು. ಕರ್ನಾಟಕ ಲೋಕಾಯುಕ್ತ ಕಾಯಿದೆ, 1984ರಂತೆ ಶಾಸಕರು ವರ್ಷಕ್ಕೊಮ್ಮೆ ಆಸ್ತಿ ವಿವರ ಸಲ್ಲಿಸಬೇಕು. ಸರ್ವೋಚ್ಚ ನ್ಯಾಯಾಲಯದ 2003ರ ತೀರ್ಪಿನ ಅನಂತರ ಅಭ್ಯರ್ಥಿಗಳು ನಾಮಪತ್ರದೊಂದಿಗೇ ಆಸ್ತಿ ಘೋಷಿಸಬೇಕಾಗಿದೆ. ಇವೆರಡೂ ಅವಶ್ಯಕವೇ. ಆದರೆ ಅವು ಹೇಳುವುದು ಅವರ ಸ್ವಂತ ಆಸ್ತಿಯ ಲೆಕ್ಕವನ್ನು. ಜನರು ಇಟ್ಟದ್ದರಲ್ಲಿ ಎಷ್ಟನ್ನು ಮರಳಿಸದೆ ಉಳಿಸಿಕೊಂಡರು ಎಂಬುದು ಯಾವ ಪ್ರಮಾಣಪತ್ರದಲ್ಲಿಯೂ ಬರುವುದಿಲ್ಲ.

ಕೇಳದಿದ್ದವರಿಗೂ ಅವರದನ್ನು ಮರಳಿಸಿದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಡಾ. ವಿ. ಎಸ್. ಆಚಾರ್ಯರು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾದವರು. 1968ರಲ್ಲಿ ಉಡುಪಿ ಪುರಸಭೆಯ ಅಧ್ಯಕ್ಷರಾದ ಅವರ ಕಾಲದಲ್ಲಿ ಮನುಷ್ಯರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಉಡುಪಿಯಲ್ಲಿ ನಿಲ್ಲಿಸಲಾಯಿತು. ಇದನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಹೊರುತ್ತಿದ್ದವರು ಮನವಿಪತ್ರ ಹಿಡಿದು ಕಚೇರಿಯ ಬಾಗಿಲಿಗೆ ಬರಬಲ್ಲ ಸ್ಥಿತಿಯಲ್ಲಿರಲಿಲ್ಲ. ಆಚಾರ್ಯರು 1983ರಲ್ಲಿ ಶಾಸಕರಾದರು, ಮುಂದೆ ಮಂತ್ರಿಗಳಾದರು, 2012ರ ಫೆಬ್ರವರಿಯಲ್ಲಿ ಮಂತ್ರಿಯಾಗಿದ್ದಾಗಲೇ ತೀರಿಕೊಂಡರು. ಅವರ ಪಕ್ಷದ ನಿಲುವುಗಳನ್ನು ಒಪ್ಪದವರೂ ಆ ಒಂದು ನಿರ್ಧಾರವನ್ನು ಒಪ್ಪಬೇಕು.

ಎರಡನೆಯ ಉದಾಹರಣೆ ಕಾರ್ಕಳದ್ದು, ಬೇರೆ ಪಕ್ಷದ್ದು. ಎಚ್. ಗೋಪಾಲ ಭಂಡಾರಿಯವರು 1999ರಲ್ಲಿ ಇಲ್ಲಿಂದ ಗೆದ್ದರು, 2004ರಲ್ಲಿ ಸೋತರು, 2008ರಲ್ಲಿ ಮತ್ತೆ ಗೆದ್ದರು, 2013 ಮತ್ತು 2018ರಲ್ಲಿ ಸೋತರು. 2019ರ ಜುಲೈಯಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಬರುತ್ತಿದ್ದ ಸರಕಾರಿ ಬಸ್ಸಿನಲ್ಲಿ ಸಹಪ್ರಯಾಣಿಕರ ನಡುವೆ ಅವರ ಪ್ರಾಣ ಹೋಯಿತು. ಬಸ್ಸಿನಲ್ಲಿ ಓಡಾಡುವುದೇ ಸದ್ಗುಣಕ್ಕೆ ಪ್ರಮಾಣವೆಂದು ನಾನು ವಾದಿಸುವುದಿಲ್ಲ. ಆದರೆ ಸ್ಥಾನ ಹೋದ ಮೇಲೆ ಸಾಮಾನ್ಯ ಪ್ರಯಾಣಿಕನಾಗಿ ಕುಳಿತುಕೊಳ್ಳಬಲ್ಲವನು ಆ ಸ್ಥಾನವನ್ನು ತನ್ನ ದೇಹದ ಭಾಗವೆಂದು ತಿಳಿದಿರಲಿಲ್ಲ ಎಂದಾದರೂ ಊಹಿಸಬಹುದು. ನ್ಯಾಸವೆಂದು ತಿಳಿದವನಿಗೆ ಮರಳಿಸುವುದು ಕಷ್ಟವಲ್ಲ. ಸೊತ್ತೆಂದು ತಿಳಿದವನಿಗೆ ಸೋಲು ದರೋಡೆಯಂತೆ ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಗೆಲ್ಲದವನು ಏನು ಮಾಡಬಲ್ಲ? ಒಳ್ಳೆಯ ಕೆಲಸಕ್ಕೂ ಅಧಿಕಾರ ಬೇಡವೆ? ಶ್ರೀ ವೀರಪ್ಪ ಮೊಯಿಲಿಯವರು 1972ರಿಂದ ಸತತ ಐದು ಬಾರಿ ಕಾರ್ಕಳದಿಂದ ಗೆದ್ದದ್ದರಿಂದಲೇ 1992ರಲ್ಲಿ ಮುಖ್ಯಮಂತ್ರಿಯಾಗುವ ಹಂತಕ್ಕೆ ಏರಿದರಲ್ಲವೆ? ಈ ಆಕ್ಷೇಪದಲ್ಲಿ ತಥ್ಯವಿದೆ. 1432ರಿಂದ ಕಾರ್ಕಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿಸ್ವಾಮಿಯು ಗೆದ್ದ ರಾಜ್ಯವನ್ನೇ ಬಿಟ್ಟವನು. ಆದರೆ ಶಾಸಕನು ಮುನಿಯಲ್ಲ, ಗೃಹಸ್ಥ. ಅವನಿಗೆ ಬಿಡುವ ಧರ್ಮವನ್ನಲ್ಲ, ಹಿಡಿದುಕೊಳ್ಳುವ ಧರ್ಮವನ್ನು ಹೇಳಬೇಕು. ಎಷ್ಟು ವರ್ಷ ಹಿಡಿದನೆಂಬುದು ಮುಖ್ಯವಲ್ಲ, ಯಾರದೆಂದು ತಿಳಿದು ಹಿಡಿದನೆಂಬುದು ಮುಖ್ಯ. ಗೆಲ್ಲಬೇಕೆಂಬ ಆಸೆ ದೋಷವಲ್ಲ. ಗೆಲ್ಲುವುದಕ್ಕಾಗಿ ಒಬ್ಬನ ಪಾಲನ್ನು ಇನ್ನೊಬ್ಬನಿಗೆ ಕೊಡುವುದು ದೋಷ.

ಕೊಡುವವನು ದೋಷಿಯಾದರೆ ತೆಗೆದುಕೊಳ್ಳುವವನು? ಇದನ್ನು ಬರೆಯುವಾಗ ನನ್ನದೊಂದು ತಪ್ಪನ್ನು ಮರೆಮಾಚಲಾರೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಶಿಕ್ಷಕಿಯಾಗಿದ್ದ ನನ್ನ ಸೋದರಸೊಸೆಯ ವರ್ಗಾವಣೆಗಾಗಿ ಒಬ್ಬ ಶಾಸಕರ ಮನೆಗೆ ಹೋಗಿದ್ದೆ. ಮೇಲೆ ಹೆಸರಿಸಿದ ಯಾರೂ ಅವರಲ್ಲ. ಅವರು ಕುಳ್ಳಿರಿಸಿ ಚಹಾ ಕೊಟ್ಟು, "ಆ ಶಾಲೆಗೆ ನಿಮ್ಮವರಿಗಿಂತ ಮೊದಲು ಅರ್ಜಿ ಹಾಕಿದವರೊಬ್ಬರಿದ್ದಾರೆ. ಅವರಿಗೆ ನನ್ನ ಮನೆಯ ದಾರಿ ಗೊತ್ತಿಲ್ಲ, ಅಷ್ಟೆ" ಎಂದರು. ನಾನು ಸಿಟ್ಟಿನಿಂದ ಹಿಂದಿರುಗಿದೆ. ಮುಂದೆ ತಿಂಗಳುಗಟ್ಟಲೆ ಅಂಗಡಿಗೆ ಬಂದವರಲ್ಲಿ, ಆ ಮನುಷ್ಯನಿಂದ ಯಾರಿಗೂ ಪ್ರಯೋಜನವಿಲ್ಲವೆಂದು ಹೇಳುತ್ತಿದ್ದೆ. ಮರುಚುನಾವಣೆಯಲ್ಲಿ ಅವರು ಸೋತರು. ನನ್ನ ಮಾತಿನಿಂದಲೇ ಸೋತರೆಂದು ಹೇಳಲಾರೆ. ನನ್ನ ಮಾತಿಗೆ ಅದರಲ್ಲಿ ಪಾಲಿಲ್ಲವೆಂದೂ ಹೇಳಲಾರೆ.

ಕದ್ದು ತಂದ ವಸ್ತುವನ್ನು ಕೊಳ್ಳುವುದಕ್ಕೆ ತದಾಹೃತಾದಾನವೆಂದು ಹೆಸರು. ಅದು ಅಚೌರ್ಯವ್ರತದ ಅತಿಚಾರ. ಅಗ್ಗಕ್ಕೆ ಬಂದ ಕಳ್ಳಮಾಲನ್ನು ನಾನು ಅಂಗಡಿಗೆ ಎಂದೂ ಸೇರಿಸಿದವನಲ್ಲ ಎಂದು ಅಭಿಮಾನಪಡುತ್ತಿದ್ದೆ. ಆದರೆ ಅಂದು ಆ ಮನೆಯಲ್ಲಿ ನಾನು ಕೇಳಿದ್ದೇನು? ಹೆಸರು ಮುಖ ತಿಳಿಯದ ಇನ್ನೊಬ್ಬ ಶಿಕ್ಷಕಿಯ ಪಾಲನ್ನು. ಕೊಡಲು ಒಪ್ಪದವರನ್ನು ನಾನು ನಿಂದಿಸಿದೆ. ಪ್ರಾಮಾಣಿಕರು ರಾಜಕೀಯಕ್ಕೆ ಬರುವುದಿಲ್ಲವೆಂದು ನಾವು ಕೊರಗುತ್ತೇವೆ. ಬಂದವರನ್ನು ನಾವು ಹೇಗೆ ನಡೆಸಿಕೊಂಡೆವೆಂದು ಯೋಚಿಸುವುದಿಲ್ಲ.

ಕಾಪುವಾಗಲಿ, ಉಡುಪಿಯಾಗಲಿ, ಕಾರ್ಕಳವಾಗಲಿ, ಮುಂದಿನ ಬಾರಿ ಮತ ಕೇಳಲು ಬಂದವರಲ್ಲಿ ರಸ್ತೆಯ ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳೋಣ. ಸದನದಲ್ಲಿ ಯಾವ ಪ್ರಶ್ನೆ ಎತ್ತಿದಿರಿ? ನಿಮ್ಮಲ್ಲಿಗೆ ಬರಲಾರದವರಿಗಾಗಿ ಏನು ಮಾಡಿದಿರಿ? ಬಸದಿಯ, ಶಾಲೆಯ ಟ್ರಸ್ಟುಗಳಲ್ಲಿ ಕುಳಿತಿರುವ ನಾವು ಅದೇ ಪ್ರಶ್ನೆಯನ್ನು ನಮಗೂ ಹಾಕಿಕೊಳ್ಳಬೇಕು. ದಾನಿಯು ಮೊತ್ತ ಮರೆತಿರಬಹುದು, ಅವನ ಮಕ್ಕಳಿಗೆ ವಿಷಯವೇ ಗೊತ್ತಿಲ್ಲದಿರಬಹುದು. ಪುಸ್ತಕದಲ್ಲಿ ಬರೆದದ್ದನ್ನು ನಾವು ಬಲ್ಲೆವು. ಇಟ್ಟವನು ಮರೆತಾಗಲೂ ಪೂರ್ಣ ಲೆಕ್ಕ ಒಪ್ಪಿಸುವುದೇ ಸತ್ಯವ್ರತ.